ಕಮಲಾಪುರದ ಇಪ್ಪತ್ತೈದು ಸೆಕೆಂಡು

ಫೆಬ್ರುವರಿ ಆರನೇ ತಾರೀಕಿನ ಪುಟದಲ್ಲಿ ನಾನು ಐದು ಟಿಕ್ ಗುರುತು ಹಾಕಿದ್ದೇನೆ. ನಾಲ್ಕು ನಿಜವಾದವು. ಐದನೆಯದನ್ನು ಕೆಲಸ ಮುಗಿಸುವ ಮೊದಲೇ ಹಾಕಿದೆ. ಡೈರಿ ಬರೆಯಲು ಶುರುಮಾಡಿ ಏಳು ವರ್ಷವಾಗಿದೆ. ಬೇಸರ, ಸಿಟ್ಟು, ಅರ್ಧಂಬರ್ಧ ವಿಷಯ ಎಲ್ಲ ಅದರಲ್ಲಿವೆ. ಸುಳ್ಳು ಎಣಿಕೆ, ನನಗೆ ತಿಳಿದಂತೆ, ಅದೊಂದೇ.

ನಾನು ಕೆಲಸ ಮಾಡುವುದು ಕಲಬುರಗಿಯ ಸೂಪರ್ ಮಾರ್ಕೆಟ್ ಹಿಂದಿನ ಗಲ್ಲಿಯಲ್ಲಿ, ಬಟ್ಟೆ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ. ನಾವು ದಾಲ್ ಮಿಲ್ಲುಗಳಿಗೆ ಕಂಟ್ರೋಲ್ ಬೋರ್ಡ್ ಮಾಡಿಕೊಡುತ್ತೇವೆ. ತೊಗರಿ ಮೇಲೆತ್ತುವ ಎಲಿವೇಟರ್, ಜರಡಿ, ಕಾಳು ಒಡೆಯುವ ಕಲ್ಲು, ಇವುಗಳಲ್ಲಿ ಯಾವುದರ ಹಿಂದೆ ಯಾವುದು ಚಾಲೂ ಆಗಬೇಕು, ಯಾವಾಗ ನಿಲ್ಲಬೇಕು ಎಂದು ನೋಡಿಕೊಳ್ಳುವ ಸಣ್ಣ ಪೆಟ್ಟಿಗೆ. ಮಿಲ್ಲಿನವರು ಅದನ್ನು ಡಬ್ಬಿ ಎನ್ನುತ್ತಾರೆ. ಡಬ್ಬಿಯೊಳಗಿನ ಪ್ರೋಗ್ರಾಂ ಸಿ ಭಾಷೆಯಲ್ಲಿದೆ. ಅದರ ಹೆಚ್ಚುಕಡಿಮೆ ಪ್ರತಿ ಸಾಲನ್ನೂ ಬರೆದವರು ಒಬ್ಬರೇ, ನಮ್ಮ ಹಿರಿಯ ಇಂಜಿನಿಯರ್. ಅವರ ಜೊತೆ ನಾನು ಕೆಲಸ ಮಾಡಿದ್ದು ಹನ್ನೊಂದು ದಿನ. ಹನ್ನೆರಡನೇ ದಿನ, ಡಿಸೆಂಬರಿನಲ್ಲಿ, ಅವರು ಬರಲಿಲ್ಲ. ಮಧ್ಯಾಹ್ನ ಐವಾನ್-ಎ-ಶಾಹಿ ಬಡಾವಣೆಯ ಅವರ ಮನೆಯಿಂದ ಫೋನ್ ಬಂತು. ಬೆಳಿಗ್ಗೆ ಎದೆನೋವು ಎಂದವರು ಆಸ್ಪತ್ರೆ ಮುಟ್ಟಿರಲಿಲ್ಲ.

ಅವರ ಕುರ್ಚಿ ನನಗೆ ಬಂತು. ಕುರ್ಚಿಯ ಜೊತೆ ಅರವತ್ತಮೂರು ಫೈಲುಗಳು ಬಂದವು.

ಅವರ ಕೋಡ್ ನೋಡಿದವರು ಮೊದಲು ನಗುತ್ತಿದ್ದರು. ಒಂದು ಕಡೆ ಸಾಲು ಮೂರು ಖಾಲಿ ಜಾಗ ಬಿಟ್ಟು ಶುರುವಾದರೆ ಇನ್ನೊಂದು ಕಡೆ ಏಳು. ಎಲ್ಲಿ ಮಷೀನು ನಿಲ್ಲಬೇಕೋ ಆ ಸಾಲನ್ನು ಎಡ ಅಂಚಿಗೆ ಎಳೆದು ತರುತ್ತಿದ್ದರು, ದೂರದಿಂದಲೇ ಕಣ್ಣಿಗೆ ಬೀಳಲಿ ಎಂದು. ಟಿಪ್ಪಣಿಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಕನ್ನಡವಾಗಿ ಬರೆದು ಬಲಗಡೆ ಒಂದರ ಕೆಳಗೊಂದು ನಿಲ್ಲಿಸುತ್ತಿದ್ದರು. ‘ಇಲ್ಲಿ ಜರಡಿ ಅಳ್ಳಾಡತದ, ಸ್ವಲ್ಪ ತಡಿ.’ ‘ಇದು ಸೇಡಂನವರ ಹಟ.’ ಕೆಲಸದ ನಡುವೆ ಕೆಳಗಿನ ಚಹಾದ ಗಾಡಿಗೆ ಹೋಗಲು ಏಳುವಾಗ ಎಂಟರ್ ಕೀಲಿಯನ್ನು ಎರಡು ಸಲ ಹೆಚ್ಚಿಗೆ ಒತ್ತುವುದು ಅವರ ರೂಢಿ. ಹನ್ನೊಂದು ದಿನವೂ ನಾನದನ್ನು ನೋಡಿದ್ದೆ. ಜನವರಿಯಲ್ಲಿ ಕೂತು ಎಣಿಸಿದೆ: ಅರವತ್ತಮೂರು ಫೈಲುಗಳಲ್ಲಿ ಹಾಗೆ ಖಾಲಿ ಬಿಟ್ಟ ಜಾಗ ನಾಲ್ಕು ನೂರಾ ಹನ್ನೆರಡು. ಅಂದರೆ ಅಷ್ಟು ಚಹಾ. ಕೋಡ್ ಓದುತ್ತ ಆ ಜಾಗ ಬಂದಾಗ ನನಗೂ ಬಾಯಾರುತ್ತಿತ್ತು. ಇದನ್ನು ಯಾರಿಗೂ ಹೇಳಿಕೊಳ್ಳಲಿಲ್ಲ.

ಫೆಬ್ರುವರಿ ಮೊದಲ ವಾರ ಹೈದರಾಬಾದಿನ ಒಂದು ಕಂಪನಿ ನಮ್ಮ ಡಬ್ಬಿಯನ್ನು ತಮ್ಮ ಮಷೀನುಗಳಿಗೂ ಹಾಕುವ ಮಾತೆತ್ತಿತು. ಮೊದಲು ಕೋಡ್ ತೋರಿಸಿ ಎಂದರು. ತೋರಿಸುವ ಕೋಡ್ ಹೇಗಿರಬೇಕು ಎಂದು ನಿಯಮಗಳ ಒಂದು ಚಿಕ್ಕ ಫೈಲನ್ನೂ ಕಳಿಸಿದರು. ನಮ್ಮ ಮಾಲೀಕರನ್ನು ಎಲ್ಲರೂ ಭಾಯ್ ಎನ್ನುತ್ತಾರೆ. ಅವರು ನನ್ನ ಹಿಂದೆ ನಿಂತು ಪರದೆ ನೋಡಿ ನಕ್ಕರು.

“ಇಪ್ಪತ್ತ ವರ್ಷದಿಂದ ಹೇಳೀನಿ ಅವನಿಗಿ, ಅರೇ ಯಾರ್, ಸೀದಾ ಬರಿ ಅಂತ. ಕೇಳಿಲ್ಲ ಮನಷಾ. ಬೇಟಾ, ಇದಕ್ಕೆಲ್ಲಾ ಒಂದ್ ಸಾಲಿಗಿ ನಿಲ್ಲಸಾಕ ಎಷ್ಟ ದಿನ ಬೇಕು?”

“ದಿನ ಬ್ಯಾಡ್ರಿ ಭಾಯ್. ಒಂದ್ ನಿಮಿಷ ಸಾಕು.”

ಅದಕ್ಕೆಂದೇ ಒಂದು ಸಾಧನವಿದೆ. ಚಿತ್ರ, ಮೆನು ಏನೂ ಇಲ್ಲ. ಟರ್ಮಿನಲ್ಲಿನ ಕಪ್ಪು ಪರದೆಯಲ್ಲಿ ಅದರ ಹೆಸರು ಟೈಪ್ ಮಾಡಿ, ಯಾವ ಫೈಲು ಎಂದು ಹೇಳಿ ಎಂಟರ್ ಒತ್ತಬೇಕು. ಸುಮ್ಮನೆ ಹಾಗೆ ಕೇಳಿದರೆ ಅದು ಕೋಡನ್ನು ನೀಟಾಗಿ ಜೋಡಿಸಿ ಪರದೆಯ ಮೇಲೆ ತೋರಿಸುತ್ತದೆ, ಫೈಲನ್ನು ಮುಟ್ಟುವುದಿಲ್ಲ. ಹೆಸರಿನ ಮುಂದೆ ಒಂದು ಗೆರೆ, ಒಂದು ಅಕ್ಷರ ಸೇರಿಸಿದರೆ ಫೈಲಿನಲ್ಲೇ ಬರೆಯುತ್ತದೆ. ಜೋಡಿಸುವ ನಿಯಮಗಳನ್ನು ಅದೇ ಫೋಲ್ಡರಿನಲ್ಲಿರುವ ಫೈಲಿನಿಂದ ಓದಿಕೊಳ್ಳುತ್ತದೆ. ಕಂಪನಿಯ ಫೈಲನ್ನು ಅಲ್ಲಿ ಇಟ್ಟೆ. ಮೂರು ಫೈಲುಗಳನ್ನು ಬರೀ ತೋರಿಸುವಂತೆ ಕೇಳಿ ನೋಡಿದೆ. ಚೆನ್ನಾಗಿತ್ತು. ಹಳೆಯ ಫೋಲ್ಡರಿನ ನಕಲನ್ನು ಪೆನ್‌ಡ್ರೈವಿಗೆ ಹಾಕಿದೆ. ಆಮೇಲೆ ಆ ಒಂದು ಅಕ್ಷರ ಸೇರಿಸಿ, ಎಲ್ಲ ಫೈಲುಗಳ ಹೆಸರಿನ ಬದಲು ಒಂದು ನಕ್ಷತ್ರ ಚಿಹ್ನೆ ಹಾಕಿ, ಎಂಟರ್ ಒತ್ತಿದೆ.

ಏನೂ ಆಗಲಿಲ್ಲ. ಇಂಥ ಸಾಧನಗಳ ಸ್ವಭಾವವೇ ಹಾಗೆ. ಕೆಲಸ ಕೆಟ್ಟರೆ ಕೂಗುತ್ತವೆ, ಸರಿಯಾದರೆ ಸುಮ್ಮನಿರುತ್ತವೆ. ಟರ್ಮಿನಲ್ ಮುಂದಿನ ಸಾಲಿನಲ್ಲಿ ಕಣ್ಣು ಮಿಟುಕಿಸುತ್ತ ಕಾಯುತ್ತಿತ್ತು. ಗಡಿಯಾರ ನೋಡಿ ಬರೆದುಕೊಂಡೆ: ಹನ್ನೊಂದು ಗಂಟೆ ನಲವತ್ತೆರಡು ನಿಮಿಷ.

ಒಂದು ಫೈಲು ತೆರೆದೆ. ಅಲ್ಲಿ ಯಾರೂ ಇರಲಿಲ್ಲ.

ಇದನ್ನು ಬೇರೆ ಹೇಗೆ ಹೇಳಬೇಕೋ ಗೊತ್ತಿಲ್ಲ. ಅದೇ ಪದಗಳು, ಅದೇ ಲೆಕ್ಕ, ಅದೇ ಹೆಸರುಗಳು. ಪ್ರತಿ ಸಾಲೂ ನಾಲ್ಕು ಜಾಗ ಬಿಟ್ಟು ಶುರುವಾಗಿತ್ತು. ಎಡ ಅಂಚಿಗೆ ಎಳೆದ ಸಾಲುಗಳು ಎಲ್ಲದರ ನಡುವೆ ಸೇರಿಕೊಂಡಿದ್ದವು. ಟಿಪ್ಪಣಿಗಳು ಅಳತೆಗೆ ಮೀರಿದಲ್ಲಿ ಮುರಿದು ಕೆಳಗಿಳಿದಿದ್ದವು. ಇನ್ನೊಂದು ಫೈಲು, ಮತ್ತೊಂದು. ಎರಡು ಖಾಲಿ ಸಾಲುಗಳನ್ನು ಹುಡುಕಲು ಕಂಪ್ಯೂಟರಿಗೆ ಹೇಳಿದೆ. ನಾಲ್ಕು ನೂರಾ ಹನ್ನೆರಡರ ಜಾಗದಲ್ಲಿ ಸೊನ್ನೆ ಬಂತು. ಅರವತ್ತಮೂರು ಫೈಲುಗಳ ಎದುರಿಗೂ ಕೊನೆಯ ಬದಲಾವಣೆಯ ಸಮಯ ಒಂದೇ ಇತ್ತು, ನಾನು ಬರೆದುಕೊಂಡ ಆ ನಿಮಿಷ. ಕೆಳಗೆ ಆಟೋಗಳು ಹಾರ್ನ್ ಹೊಡೆಯುತ್ತಿದ್ದವು, ಬಿಸಿಲು ಮೇಜಿನ ಮೇಲಿತ್ತು. ನಾನು ಕುರ್ಚಿಯಲ್ಲಿ ಸ್ವಲ್ಪ ಮುಂದಕ್ಕೆ ಸರಿದು ಕೂತೆ.

ಇನ್ನು ಪರೀಕ್ಷೆ ಬಾಕಿ ಇತ್ತು. ಜೋಡಣೆ ಬದಲಾದರೆ ಅರ್ಥ ಬದಲಾಗಬಾರದು. ಹಳೆಯ ಕೋಡಿನಿಂದ ತಯಾರಾದ ಪ್ರೋಗ್ರಾಂ, ಹೊಸದರಿಂದ ತಯಾರಾದ ಪ್ರೋಗ್ರಾಂ, ಎರಡನ್ನೂ ಪಕ್ಕದಲ್ಲಿಟ್ಟು ಹೋಲಿಸಿದರೆ ಒಂದು ಬೈಟೂ ಹೆಚ್ಚುಕಡಿಮೆ ಇರಬಾರದು. ನಮ್ಮ ಡಬ್ಬಿ ಐದು ಊರುಗಳಲ್ಲಿದೆ, ಊರಿಗೊಂದು ಪ್ರೋಗ್ರಾಂ. ನಂದೂರು ಹೋಲಿಸಿದೆ. ವ್ಯತ್ಯಾಸವಿಲ್ಲ, ಟಿಕ್. ಸೇಡಂ, ಶಹಾಬಾದ್, ವಾಡಿ. ಟಿಕ್, ಟಿಕ್, ಟಿಕ್. ಕಮಲಾಪುರದ್ದು ತಯಾರಾಗುತ್ತಿದ್ದಾಗ ಡೈರಿಯಲ್ಲಿ ಪೆನ್ನು ಇಟ್ಟುಕೊಂಡೇ ಇದ್ದೆ. ನಾಲ್ಕನೆಯದರ ಜೊತೆಗೇ ಐದನೆಯದನ್ನೂ ಹಾಕಿಬಿಟ್ಟೆ. ಅದೇ ಹೊತ್ತಿಗೆ ಕರೆಂಟು ಹೋಯಿತು. ಕಂಪ್ಯೂಟರಿನ ಬ್ಯಾಟರಿ ಕೆಟ್ಟು ಒಂದು ತಿಂಗಳಾಗಿತ್ತು, ಪರದೆ ಆರಿತು. ಭಾಯ್ ಊಟಕ್ಕೆ ಕರೆದರು. ಊಟ ಮಾಡಿ ಬಂದಾಗ ಕರೆಂಟು ಬಂದಿತ್ತು. ಡೈರಿಯಲ್ಲಿ ಐದು ಟಿಕ್ ಇದ್ದವು. ಮುಂದಿನ ಕೆಲಸ ಶುರುಮಾಡಿದೆ.

ಒಂಬತ್ತನೇ ತಾರೀಕು ಕಮಲಾಪುರದ ಮಿಲ್ಲಿನಲ್ಲಿ ವೋಲ್ಟೇಜ್ ಒಮ್ಮೆಲೇ ಏರಿ ಹಳೆಯ ಡಬ್ಬಿ ಸುಟ್ಟುಹೋಯಿತು. ಹೊಸ ಡಬ್ಬಿಗೆ ಹೊಸ ಕೋಡಿನ ಪ್ರೋಗ್ರಾಂ ತುಂಬಿ, ಕಮಲಾಪುರದ ಮೇಲೆ ಹೋಗುವ ಹುಮನಾಬಾದ್ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕಳಿಸಿದೆ. ಹತ್ತನೇ ತಾರೀಕು ಅದನ್ನು ಕೂರಿಸಿದರು. ಹನ್ನೆರಡಕ್ಕೆ, ಬೆಳಿಗ್ಗೆ ಹನ್ನೊಂದರ ಸುಮಾರಿಗೆ, ಅಲ್ಲಿನ ಮ್ಯಾನೇಜರ್ ಫೋನ್ ಮಾಡಿದರು.

“ಮೇಡಂ, ನಿಮ್ಮ ಹೊಸಾ ಡಬ್ಬಿಗಿ ಎಲ್ಲಿಗರ ಲಗ್ನಕ್ಕ ಹೋಗೋದದ ಏನ್ರಿ? ಭಾಳ ಅವಸರ ಮಾಡಾಕತ್ತದ.”

“ಅಂದ್ರ ಏನ್ರಿ?”

“ಕರೆಂಟ್ ಹೋಗಿ ಬಂತಂದ್ರ ಘಂಟಿ ಬಾರಿಸ್ತದ. ಘಂಟಿ ಬಾರಿಸೂದ್ರಾಗ ಮಷೀನ್ ತಿರಗೇ ಬಿಡ್ತದ. ಮೊದಲ ಹಿಂಗ ಇದ್ದಿಲ್ಲ. ನಿನ್ನೆ ಕಸ ಗುಡಸೋ ನಮ್ಮ ಆಯಿದು ಕಸಬರಿಗಿ ನುಂಗ್ಯದ.”

“ಆಯಿಗಿ ಏನಾರ ಆಗ್ಯದೇನ್ರಿ?”

“ಆಕಿಗಿ ಏನೂ ಆಗಿಲ್ಲ ಬಿಡ್ರಿ, ನಮಗೇ ಆಗ್ಯದ. ಮುಂಜಾನಿಂದ ಬೈಸ್ಕೊಳಾಕತ್ತೀವಿ. ಇಂಜಿನಿಯರ್ ಸಾಹೇಬ್ರಿಗಿ ಕರಸ್ರಿ ಅಂತಾಳ.”

“ಅವರು ಹೋಗಿ ಎರಡ್ ತಿಂಗಳಾತಲ್ರಿ.”

“ಹೇಳೀನ್ರಿ ಮೇಡಂ, ನಾ ಹೇಳಿಲ್ಲೇನು. ಅದಕ್ಕ ಆಕಿ ಏನಂತಾಳ ಗೊತ್ತೇನ್ರಿ? ಡಿಸೆಂಬರ್ದಾಗ ಅಲ್ಲ, ಅವರು ಸತ್ತದ್ದು ಮೊನ್ನೆ ಅಂತಾಳ. ಹೊಸಾ ಡಬ್ಬಿ ಕುಂದ್ರಿಸಿದ ದಿನ.”

ಅವರು ನಗುತ್ತಲೇ ಹೇಳಿದರು. 

ದಾಲ್ ಮಿಲ್ಲಿನಲ್ಲಿ ಎಲಿವೇಟರಿನ ಬುಡ ನೆಲದ ಕೆಳಗಿರುತ್ತದೆ, ಆಳುದ್ದದ ಒಂದು ತಗ್ಗಿನಲ್ಲಿ. ತಗ್ಗಿನ ತಳದಲ್ಲಿ ತೊಗರಿಯನ್ನು ದೂಡಿಕೊಂಡು ಹೋಗುವ ಕಬ್ಬಿಣದ ತಿರುಪು ಇರುತ್ತದೆ. ಕಾಳು ಚೆಲ್ಲಿ ತಗ್ಗು ತುಂಬುತ್ತದೆ, ಯಾರಾದರೂ ಇಳಿದು ಗುಡಿಸಬೇಕು. ನಡೆಯುವ ಮಷೀನನ್ನು ಗುಡಿಸಲೆಂದು ನಿಲ್ಲಿಸುವ ಪದ್ಧತಿ ಅಲ್ಲಿಲ್ಲ. ಕರೆಂಟು ಹೋದಾಗ ಹೇಗೂ ಎಲ್ಲ ನಿಲ್ಲುತ್ತದೆ, ಆಗ ಇಳಿಯುತ್ತಾರೆ. ಕರೆಂಟು ಬಂದರೆ ಡಬ್ಬಿ ಘಂಟೆ ಬಾರಿಸಿ, ಸ್ವಲ್ಪ ಕಾದು, ತಾನಾಗಿ ಮಷೀನು ಚಾಲೂ ಮಾಡುತ್ತದೆ. ಆ ಸ್ವಲ್ಪ ಹೊತ್ತಿನಲ್ಲಿ ಕೆಳಗಿದ್ದವರು ಮೇಲೆ ಬರಬೇಕು.

“ಇವತ್ತ ಯಾರಿಗೂ ತಗ್ಗಿನಾಗ ಇಳಸಬ್ಯಾಡ್ರಿ,” ಎಂದೆ. “ನಾ ನೋಡಿ ಹೇಳತೀನಿ.”

“ಆಯ್ತ್ರಿ,” ಎಂದರು. ಆ ಧ್ವನಿ ನನಗೆ ಸಾಲಲಿಲ್ಲ.

ಫೋನ್ ಇಟ್ಟು ಡೈರಿ ತೆಗೆದೆ. ಐದನೇ ಟಿಕ್ ಉಳಿದವುಗಳಿಗಿಂತ ತೆಳ್ಳಗಿತ್ತು. ಪೆನ್‌ಡ್ರೈವಿನಿಂದ ಹಳೆಯ ಕೋಡ್ ತಂದು, ಆವತ್ತು ಮಾಡದೆ ಬಿಟ್ಟ ಹೋಲಿಕೆಯನ್ನು ಮಾಡಿದೆ. ಎರಡು ಪ್ರೋಗ್ರಾಮುಗಳ ನಡುವೆ ಒಂದೇ ಒಂದು ಬೈಟ್ ಬೇರೆಯಾಗಿತ್ತು. ಹಳೆಯದರಲ್ಲಿ ಇಪ್ಪತ್ತೈದು, ಹೊಸದರಲ್ಲಿ ನಾಲ್ಕು.

ಕಾರಣ ಹುಡುಕಲು ಹತ್ತು ನಿಮಿಷ ಹಿಡಿಯಿತು. ಪ್ರತಿ ಪ್ರೋಗ್ರಾಮಿನ ತಲೆಯಲ್ಲಿ, ಬೇರೆ ಯಾವ ಯಾವ ಫೈಲುಗಳನ್ನು ಮೊದಲು ಓದಬೇಕು ಎಂಬ ಪಟ್ಟಿ ಇರುತ್ತದೆ. ಇಂಜಿನಿಯರ್ ಎಲ್ಲ ಮಿಲ್ಲುಗಳಿಗೂ ಸಲ್ಲುವ ಅಂಕಿಗಳನ್ನು ‘ಮಿಲ್’ ಎಂಬ ಫೈಲಿನಲ್ಲಿ ಇಟ್ಟಿದ್ದರು. ಅಲ್ಲಿ ಕಾಯುವ ಹೊತ್ತು ನಾಲ್ಕು ಸೆಕೆಂಡು. ಆಮೇಲೆ ಊರಿನ ಹೆಸರಿನ ಫೈಲು, ಅದರಲ್ಲಿ ಆ ಊರಿಗೆ ಬೇಕಾದ ತಿದ್ದುಪಡಿ. ಕಂಪ್ಯೂಟರು ಮೇಲಿನಿಂದ ಕೆಳಗೆ ಓದುತ್ತದೆ, ಕೊನೆಗೆ ಓದಿದ್ದೇ ನಿಲ್ಲುತ್ತದೆ. ಅದಕ್ಕೇ ಅವರು ಊರಿನ ಫೈಲನ್ನು ಯಾವಾಗಲೂ ಕೊನೆಯಲ್ಲಿ ಇಡುತ್ತಿದ್ದರು. ಪಟ್ಟಿಯನ್ನು ಇಂಗ್ಲಿಷ್ ಅಕ್ಷರಮಾಲೆಯ ಕ್ರಮದಲ್ಲಿ ಜೋಡಿಸು ಎಂಬುದು ಕಂಪನಿಯ ನಿಯಮಗಳಲ್ಲಿ ಒಂದು. ನಾನು ಓದಿದ್ದೆ, ಚಂದಕ್ಕೆ ಹೇಳಿದ್ದಾರೆ ಎಂದುಕೊಂಡಿದ್ದೆ. ನಂದೂರು, ಸೇಡಂ, ಶಹಾಬಾದ್, ವಾಡಿ ಇವೆಲ್ಲ ಇಂಗ್ಲಿಷಿನಲ್ಲಿ ‘ಮಿಲ್’ ನಂತರವೇ ಬರುತ್ತವೆ, ಅವುಗಳ ಕ್ರಮ ಕದಲಲಿಲ್ಲ. ಕಮಲಾಪುರ ಮಾತ್ರ ಮುಂದೆ ಹೋಗಿ ನಿಂತಿತ್ತು. ಕೊನೆಯ ಮಾತು ‘ಮಿಲ್’ ಫೈಲಿನದಾಗಿತ್ತು. ಕೋಡನ್ನು ಪ್ರೋಗ್ರಾಮಾಗಿ ಮಾಡುವ ಕಂಪೈಲರು ಅದಕ್ಕೊಂದು ಎಚ್ಚರಿಕೆ ಕೊಟ್ಟಿರಲೇಬೇಕು. ಆದರೆ ಅವರ ಕೋಡ್ ಮೊದಲಿನಿಂದಲೂ ಇನ್ನೂರಕ್ಕೂ ಹೆಚ್ಚು ಎಚ್ಚರಿಕೆ ಕೊಡುತ್ತಿತ್ತು, ನಾನು ಓದುತ್ತಿರಲಿಲ್ಲ.

ಹಳೆಯ ಕಮಲಾಪುರ ಫೈಲನ್ನು ತೆರೆದೆ. ಇಪ್ಪತ್ತೈದರ ಪಕ್ಕದಲ್ಲಿ, ಬಲ ಅಂಚಿಗೆ, ಅವರ ಟಿಪ್ಪಣಿ ಇತ್ತು. ‘ಆಯಿ ಮೊಣಕಾಲ ನೋವು. ಮೆಟ್ಟಿಲ ಹತ್ತಾಕ 19, ನಾನೇ ಎಣಿಸೀನಿ. 25 ಇಡು. ಯಾರು ಹೇಳಿದ್ರೂ ಕಡಿಮಿ ಮಾಡಬ್ಯಾಡ.’

ಭಾಯ್‌ಗೆ ಎಲ್ಲ ಹೇಳಿದೆ, ಟಿಕ್ಕಿನ ವಿಷಯವನ್ನೂ. ಅವರು ಪರದೆಯ ಮೇಲಿನ ಆ ಟಿಪ್ಪಣಿಯನ್ನು ಎರಡು ಸಲ ಓದಿದರು.

“ಗಿಚಿಪಿಚಿ ಬರ್ದಾನ ಅಂತ ಬೈತಿದ್ದೆ ನಾನು,” ಎಂದರು. “ಹೋಗು ಬೇಟಾ, ಜಲ್ದಿ ಹೋಗು. ನಾ ಫೋನ್ ಹಚ್ಚತೀನಿ.”

ಹಳೆಯ ಕೋಡಿನ ಪ್ರೋಗ್ರಾಂ ತುಂಬಿದ ಚಿಪ್ಪನ್ನು ಚೀಲಕ್ಕೆ ಹಾಕಿಕೊಂಡು ಹನ್ನೆರಡೂ ಇಪ್ಪತ್ತರ ಬಸ್ಸು ಹಿಡಿದೆ. ದಾರಿಯಲ್ಲಿ ಮ್ಯಾನೇಜರಿಗೆ ಒಂಬತ್ತು ಸಲ ಫೋನ್ ಮಾಡಿದೆ. ಒಂಬತ್ತು ಸಲವೂ ಪೂರ್ತಿ ರಿಂಗಾಗಿ ನಿಂತಿತು. ಭಾಯ್‌ಗೂ ಸಿಕ್ಕಿರಲಿಲ್ಲ. ಮಿಲ್ಲು ನಡೆಯುತ್ತಿದ್ದರೆ ಆ ಗದ್ದಲದಲ್ಲಿ ಫೋನ್ ಕೇಳಿಸುವುದಿಲ್ಲ. ಅವತ್ತು ನನಗೆ ಅದೇ ಸಮಾಧಾನ: ಕೇಳಿಸುತ್ತಿಲ್ಲ ಎಂದರೆ ಮಷೀನು ನಡೆಯುತ್ತಿದೆ, ನಡೆಯುತ್ತಿದ್ದರೆ ತಗ್ಗಿನಲ್ಲಿ ಯಾರೂ ಇಲ್ಲ.

ಕಮಲಾಪುರದಲ್ಲಿ ಇಳಿದು, ಕೆಂಪು ಬಾಳೆಹಣ್ಣಿನ ಗಾಡಿಗಳನ್ನು ದಾಟಿ, ಮಿಲ್ಲಿನ ದಾರಿ ಹಿಡಿದೆ. ಅರ್ಧ ದಾರಿಯಲ್ಲೇ ನನ್ನ ಹೆಜ್ಜೆ ನನಗೆ ಕೇಳಿಸುತ್ತಿತ್ತು. ದಾಲ್ ಮಿಲ್ಲಿನ ಹತ್ತಿರ ಯಾರಿಗೂ ತಮ್ಮ ಹೆಜ್ಜೆ ಕೇಳಿಸಬಾರದು. ಊರಿನಲ್ಲಿ ಕರೆಂಟು ಇರಲಿಲ್ಲ.

ಓಡಿದೆ. ಗೇಟು ತೆರೆದಿತ್ತು. ಮಧ್ಯಾಹ್ನದ ಬಿಸಿಲಿನಲ್ಲಿ ಅಂಗಳ ಖಾಲಿ. ಒಳಗೆ ತಗಡಿನ ತೂತುಗಳಿಂದ ಇಳಿದ ಬಿಸಿಲುಕೋಲುಗಳಲ್ಲಿ ತೊಗರಿಯ ಧೂಳು ಅಲುಗಾಡದೆ ನಿಂತಿತ್ತು. ಎಲಿವೇಟರಿನ ಪಟ್ಟಿ, ಜರಡಿ, ಕಲ್ಲು ಎಲ್ಲವೂ ಎಲ್ಲಿದ್ದವೋ ಅಲ್ಲೇ ನಿಂತಿದ್ದವು. ಗೋಡೆಯ ಮೇಲೆ ನಾನು ಕಳಿಸಿದ ಡಬ್ಬಿ. ನಡುವೆ ಎಲ್ಲಿಂದಲೋ ಒಬ್ಬ ಹೆಂಗಸು ಮೆಲ್ಲಗೆ ಮಾತಾಡುತ್ತಿದ್ದಳು. ಯಾರೂ ಕಾಣಲಿಲ್ಲ. ಮಾತು ನೆಲದ ಕೆಳಗಿನಿಂದ ಬರುತ್ತಿತ್ತು.

“ನಿಂದರಪ್ಪ, ನಿಂದರು. ಆಗ್ಲಿಕ್ಕ ಬಂತು. ಒಂದೀಟು ಮೂಲ್ಯಾಗ ಉಳದದ, ಬಂದೆ.”

ಯಾರೊಂದಿಗೋ ಮಾತಾಡುವ ಧ್ವನಿ, ಗೊತ್ತಿರುವವರೊಂದಿಗೆ.

“ಆಯೀ, ಮ್ಯಾಲ ಬರ್ರಿ!” ಎಂದು ಕೂಗಿದೆ. “ಮೇನ್ ಎಲ್ಲದ? ಮೇನ್ ಸ್ವಿಚ್ ಎಲ್ಲದ್ರಿ?”

ಹಿಂದಿನ ಶೆಡ್ಡಿನಿಂದ ಮ್ಯಾನೇಜರ್ ರೊಟ್ಟಿ ಕೈಯಲ್ಲೇ ಹಿಡಿದು ಹೊರಬಂದರು. ನನ್ನ ಮುಖ ನೋಡಿ ಏನು ತಿಳಿದುಕೊಂಡರೋ, ರೊಟ್ಟಿ ಬಿಸಾಕಿ ಕಂಬದ ಹಿಂದೆ ಹೋಗಿ ದೊಡ್ಡ ಹಿಡಿಕೆಯನ್ನು ಎರಡೂ ಕೈಯಿಂದ ಕೆಳಗೆಳೆದರು. ಆ ಸದ್ದಿನ ನಂತರ ನಾನು ಎಣಿಸಲು ಶುರುಮಾಡಿದೆ. ಹದಿನಾರು ಎಂದಾಗ ಆಫೀಸಿನ ಬಲ್ಬು ಹತ್ತಿತು. ಅದಕ್ಕೆ ಬೇರೆ ಲೈನು. ಕರೆಂಟು ಬಂದಿತ್ತು. ಮಷೀನಿಗೆ ಮಾತ್ರ ಬರಲಿಲ್ಲ, ಘಂಟೆ ಬಾರಿಸಲಿಲ್ಲ.

ನಾನು ಮತ್ತೆ ಒಂದರಿಂದ ಎಣಿಸಿದೆ. ನಾಲ್ಕು ಎಂದಾಗ ಆಯಿ ಇನ್ನೂ ಮೂಲೆಯಲ್ಲಿದ್ದಳು, ಅವಳ ಕಸಬರಿಗೆಯ ಸದ್ದು ಕೇಳಿಸುತ್ತಿತ್ತು. ಹತ್ತಕ್ಕೆ ಏಣಿ ಹಿಡಿದಳು. ಇಪ್ಪತ್ತೈದಕ್ಕೆ ಅವಳ ತಲೆ ಮಾತ್ರ ಮೇಲೆ ಕಂಡಿತು, ಎರಡೂ ಕಾಲು ತಿರುಪಿನ ಪಕ್ಕದ ಮೆಟ್ಟಿಲ ಮೇಲಿದ್ದವು. ಮೂವತ್ತೊಂಬತ್ತಕ್ಕೆ ಎರಡು ಕಾಲೂ ನೆಲದ ಮೇಲೆ ಬಂದವು.

ಅರವತ್ತು ದಾಟಿದ ಹೆಂಗಸು, ಸಣ್ಣ ಆಳು. ಸೀರೆಯ ಮೇಲೆ ಗಂಡಸರ ಅಂಗಿ ತೊಟ್ಟಿದ್ದಳು. ಮೊಣಕಾಲಿಗೆ ಬಟ್ಟೆ ಸುತ್ತಿದ್ದಳು.

“ಯಾರವ್ವ ನೀ, ಹಿಂಗ ಚೀರತಿ?”

“ಡಬ್ಬಿಯವರು ಅದಾರ ಆಯಿ,” ಎಂದರು ಮ್ಯಾನೇಜರ್. ಅವರ ಕೈ ಇನ್ನೂ ಹಿಡಿಕೆಯ ಮೇಲೇ ಇತ್ತು. “ನಾ ಇಳೀಬ್ಯಾಡ ಅಂದಿದ್ದಿಲ್ಲೇನು ನಿನಗ?”

“ನೀ ಅಂದಿದ್ದಿ. ತಗ್ಗ ಯಾರ ನಿಮ್ಮಪ್ಪ ಗುಡಸ್ತಾನ?”

ನಾನು ಅವಳೆದುರು ಕುಕ್ಕುರುಗಾಲಿನಲ್ಲಿ ಕೂತು ಹೇಳಿದೆ. ಡಬ್ಬಿಯ ತಪ್ಪಲ್ಲ, ನನ್ನದು. ಬರಹವನ್ನು ಸಾಲಾಗಿ ಜೋಡಿಸಲು ಹೋಗಿ ಒಂದು ಅಂಕಿ ಬದಲಾಯಿತು. ನೋಡದೆಯೇ ನೋಡಿದ್ದೇನೆ ಎಂದು ಬರೆದುಕೊಂಡೆ. ಅವಳು ಕೇಳುತ್ತ ಸೆರಗಿನಿಂದ ಮುಖದ ಧೂಳು ಒರೆಸಿಕೊಂಡಳು.

“ಅಕ್ಷರ ಸಾಲಿಗಿ ನಿಲ್ಲಿಸಿದ್ರ ಮನಷಾ ಸಾಯ್ತಾನೇನವ್ವ?”

“ಇವತ್ತ ಸಾಯ್ತಿದ್ರಿ ಆಯಿ.”

ಅವಳು ನನ್ನನ್ನು ನೋಡಿದಳು, ಆಮೇಲೆ ಡಬ್ಬಿಯನ್ನು. “ಖರೇ ಹೇಳ್ತಿ,” ಎಂದಳು. “ಅದಕ್ಕ ಮೊನ್ನಿಂದ ನನ್ನ ಮಾತು ಕೇಳಾಕತ್ತಿಲ್ಲ.”

ಇನ್ನು ಹಳೆಯ ಚಿಪ್ಪು ಕೂರಿಸಿ ಹೊರಟರೆ ಆಯಿತು ಎಂದು ನಾನು ಬಂದಿದ್ದೆ. ಆದರೆ ಮೂವತ್ತೊಂಬತ್ತು ಎಂಬ ಸಂಖ್ಯೆ ತಲೆಯಿಂದ ಹೋಗಲಿಲ್ಲ. ಮೇನ್ ಎಳೆದೇ ಇಟ್ಟು, ಇನ್ನೂ ಎರಡು ಸಲ ಇಳಿದು ಹತ್ತಿ ತೋರಿಸಿ ಎಂದು ಕೇಳಿಕೊಂಡೆ. ಗೊಣಗುತ್ತ ಇಳಿದಳು. ಮೂವತ್ತೆಂಟು. ನಲವತ್ತೊಂದು. ಹಿಂದಿನ ಮಳೆಗಾಲದಿಂದ ಮೊಣಕಾಲು ಹೀಗೇ ಇದೆ ಎಂದರು ಮ್ಯಾನೇಜರ್. ಅಂದರೆ ಎಂಟು ತಿಂಗಳು.

“ಆಯಿ, ಹಳೇ ಡಬ್ಬಿ ಇಪ್ಪತ್ತೈದ್ ಎಣಿಸಿ ಚಾಲೂ ಆಗ್ತಿತ್ತು. ನಿಮಗ ನಲವತ್ತು ಬೇಕಾಗ್ತದ. ಇಷ್ಟ ದಿನ ಹೆಂಗ ಮ್ಯಾಲ ಬರ್ತಿದ್ರಿ?”

“ನಿಂದರು ಅಂದ್ರ ನಿಂದರ್ತಿತ್ತು.”

“ಅದಕ್ಕ ಕೇಳಸಂಗಿಲ್ರಿ. ಅದು ಬರೀ ಎಣಿಸ್ತದ.”

“ಎಣಸವ್ರು ಯಾರು?” ಎಂದಳು. “ಆ ಸಾಹೇಬ ಇಲ್ಲಿ, ಈ ಮೆಟ್ಟಲ ಬಾಯಿಗಿ ಕುಂತು ನನಗ ಎಣಿಸ್ಯಾನ. ನಾ ಮ್ಯಾಲ ಬರೋತನ ಎದ್ದಿಲ್ಲ. ಆಮ್ಯಾಲೂ ಹಂಗೇ. ನನ್ನ ಕಾಲ ಮ್ಯಾಲ ಬಂದಿಂದೇ ಅದು ತಿರಗ್ತಿತ್ತು. ಒಂದ್ ದಿನ ತಪ್ಪಿಲ್ಲ.”

ಕೆಲವು ಸಲ ಕರೆಂಟು ಮೂರು ಫೇಸಿನಲ್ಲಿ ಒಟ್ಟಿಗೆ ಬರುತ್ತಿರಲಿಲ್ಲ, ಅದಕ್ಕೆ ತಡವಾಗಿರಬಹುದು ಎಂದರು ಮ್ಯಾನೇಜರ್. ಇರಬಹುದು. ಆದರೆ ಎಂಟು ತಿಂಗಳಲ್ಲಿ ಪ್ರತಿ ಸಲವೂ?  ಕಲಬುರಗಿಗೆ ಮರಳಿದ ಮೇಲೆ ಖೂಬಾ ಪ್ಲಾಟಿನ ನನ್ನ ಕೋಣೆಯಲ್ಲಿ ಮುಂದಿನ ಭಾನುವಾರವೆಲ್ಲ ಕೂತು ಹಳೆಯ ಕಮಲಾಪುರದ ಕೋಡನ್ನು ಒಂದೊಂದೇ ಸಾಲು ಓದಿದೆ. ಎರಡು ಸಾವಿರದ ನೂರಾ ನಾಲ್ಕು ಸಾಲು. ಘಂಟೆ, ಇಪ್ಪತ್ತೈದು, ಚಾಲೂ. ಇಪ್ಪತ್ತಾರನೇ ಸೆಕೆಂಡಿಗೆ ದಾರಿ ಮಾಡಿಕೊಡುವ ಒಂದು ಸಾಲೂ ಅದರಲ್ಲಿಲ್ಲ. ಸುಟ್ಟ ಡಬ್ಬಿಯನ್ನು ಭಾಯ್ ತೆರೆಸಿದರು. ಅದರ ಚಿಪ್ಪು ಕಪ್ಪಾಗಿ ಸೀಳಿತ್ತು, ಏನನ್ನೂ ಓದಲಾಗಲಿಲ್ಲ.

ಆವತ್ತು ಕಮಲಾಪುರದಲ್ಲಿ ನಾನು ಹಳೆಯ ಚಿಪ್ಪನ್ನು ಕೂರಿಸಲಿಲ್ಲ. ಇಪ್ಪತ್ತೈದು ಹಾಕಿಕೊಟ್ಟರೆ ಅದೂ ಸುಳ್ಳೇ. ನಲವತ್ತೈದು ಹಾಕಿದರೆ ಮುಂದಿನ ಮಳೆಗಾಲದಲ್ಲಿ ಅದು ಸಾಲದೆ ಹೋಗಬಹುದು, ಎಣಿಸಲು ಯಾರೂ ಬಂದಿರುವುದಿಲ್ಲ. ತಗ್ಗಿನ ಬಾಯಿಯಲ್ಲಿ ಒಂದು ಸ್ವಿಚ್ ಇರಬೇಕು, ಕೆಳಗಿಳಿದವರು ಮೇಲೆ ಬಂದು ತಾವೇ ಅದನ್ನು ತಿರುಗಿಸುವವರೆಗೆ ಮಷೀನು ಚಾಲೂ ಆಗಬಾರದು ಎಂದೆ.

“ಮಾಲೀಕ್ರು ಬೈತಾರ್ರಿ ಮೇಡಂ. ಎಲ್ಲಾ ಕೈಲೇ ಮಾಡೋದಾದ್ರ ನಿಮ್ಮ ಡಬ್ಬಿ ಉಪ್ಪಿನಕಾಯಿ ಹಾಕೋದೇನು ಅಂತಾರ. ಇದು ತೊಗರಿ ಸೀಜನ್, ಒಂದ್ ತಾಸ್ ಬಂದ್ ಇಟ್ಟಿದ್ದಕ್ಕೇ ಎರಡ್ ಸಲ ಫೋನ್ ಬಂದದ.”

“ನನಗ ಕೊಡ್ರಿ ಫೋನು.”

ಮಿಲ್ಲಿನ ಮಾಲೀಕರಿಗೆ ನಾನೇ ಹೇಳಿದೆ. ಇಂದು ಮಧ್ಯಾಹ್ನ ಒಂದೂವರೆಗೆ ನಿಮ್ಮ ತಗ್ಗಿನಲ್ಲಿ ಒಬ್ಬ ಹೆಂಗಸಿದ್ದಳು, ಅವಳಿಗೆ ನಲವತ್ತು ಸೆಕೆಂಡು ಬೇಕು, ನಾನು ನಾಲ್ಕು ಕೊಟ್ಟಿದ್ದೆ ಎಂದೆ.  ಸ್ವಿಚ್ ಹಾಕ್ರಿ ಎಂದರು. ಅಲ್ಲಿಯವರೆಗೆ ತಗ್ಗಿಗೆ ಹಲಗೆ ಮುಚ್ಚಿಸಿ ಬಂದೆ.

ಇಪ್ಪತ್ತನೇ ತಾರೀಕು ಸ್ವಿಚ್ ಕೂರಿಸಿದೆವು, ಆಯಿಯ ಭುಜದ ಎತ್ತರಕ್ಕೆ, ಏಣಿಯ ಪಕ್ಕದಲ್ಲಿ. ಪ್ರೋಗ್ರಾಮನ್ನು ನಾನು ಬದಲಿಸಿದ್ದೆ. ಕಾಯುವ ಹೊತ್ತು ಎಂಬ ಅಂಕಿಯೇ ಈಗ ಅದರಲ್ಲಿಲ್ಲ. ಮ್ಯಾನೇಜರ್ ಮೇನ್ ಎಳೆದು ಹಾಕಿ ಆರು ಸಲ ಪರೀಕ್ಷೆ ಮಾಡಿದರು. ಹನ್ನೊಂದೂವರೆಗೆ ನಿಜವಾಗಿಯೇ ಕರೆಂಟು ಹೋಯಿತು. ಹಲಗೆ ಸರಿಸಿ ಆಯಿ ಇಳಿದಳು. ಕೆಳಗೆ ಕಸಬರಿಗೆಯ ಸದ್ದು. ಅವಳು ಈ ಸಲ ಏನೂ ಮಾತಾಡಲಿಲ್ಲ.

ಕರೆಂಟು ಬಂತು. ಘಂಟೆ ಬಾರಿಸಿ ನಿಂತಿತು. ಎಲಿವೇಟರು ಅಲುಗಲಿಲ್ಲ. ಒಂದು ನಿಮಿಷ ಕಳೆಯಿತು, ಮೇಲೆ ಇನ್ನೂ ಸ್ವಲ್ಪ. ಆಯಿ ಮೂಲೆಯನ್ನೆಲ್ಲ ಗುಡಿಸಿ, ಕಾಳು ತುಂಬಿದ ಪುಟ್ಟಿ ಮೇಲಕ್ಕೆ ಕೊಟ್ಟು, ಒಂದೊಂದೇ ಮೆಟ್ಟಿಲು ಹತ್ತಿ ಬಂದಳು. ಸ್ವಿಚ್ಚಿನ ಮೇಲೆ ಕೈ ಇಟ್ಟಳು.

“ಇದಕ್ಕ ತಿರುವಿದ್ರೇ ಅದು ತಿರಗೋದು?”

“ಹೌದ್ರಿ ಆಯಿ.”

“ತಿರುವಿಲ್ಲಂದ್ರ?”

“ಸಂಜೀತನಾ ಹಂಗೇ ನಿಂತಿರ್ತದ್ರಿ.”

“ಇನ್ನ ಮ್ಯಾಲ ಎಲ್ಲಾ ನಾನೇ ಅನ್ನು.”

“ನೀವೇ.”

ಮ್ಯಾನೇಜರ್ ಗಡಿಯಾರ ನೋಡಿಕೊಂಡರು. ಆಯಿ ತಿರುಗಿಸಲಿಲ್ಲ. ತಗ್ಗಿನೊಳಗೆ ಬಗ್ಗಿ ನೋಡಿದಳು. ಆಮೇಲೆ ಏಣಿಯ ಬಾಯಿಂದ ಒಂದು ಹೆಜ್ಜೆ ಪಕ್ಕಕ್ಕೆ ಸರಿದು, ಹಿಂದೆ ಇನ್ನೊಬ್ಬರು ಬರುತ್ತಿದ್ದರೆ ಬಿಡುವಷ್ಟು ಜಾಗ ಬಿಟ್ಟಳು. ಹಾಗೇ ನಿಂತಳು, ಅವಳಿಗಾಗಿ ಎಣಿಸುತ್ತಿದ್ದ ಒಬ್ಬ ಗಂಡಸು ಅವಸರವಿಲ್ಲದೆ ಮೇಲೆ ಹತ್ತಿ ಬರುವಷ್ಟು ಹೊತ್ತು. ಅವಳ ಕಣ್ಣುಗಳು ಮೆಟ್ಟಿಲಿನಿಂದ ಮೆಟ್ಟಿಲಿಗೆ ಮೇಲೆ ಬಂದವು, ಎದುರಿಗೆ ಒಂದು ಕ್ಷಣ ನಿಂತವು, ಬಾಗಿಲಿನ ಬಿಸಿಲಿನ ಕಡೆಗೆ ಹೋದವು.

ಆಮೇಲೆ ಸ್ವಿಚ್ ತಿರುಗಿಸಿದಳು.